ಸಿಂಕ್ರೊ ಇಲ್ಲದ ಗೇರ್‌ಬಾಕ್ಸು: ಅಮೆರಿಕದ ಟ್ರಕ್ ಹತ್ತುವ ಮುನ್ನ

ಊರಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದ ಕೈ ಕೂಡ ಅಮೆರಿಕದ ಮ್ಯಾನುಯಲ್ ಟ್ರಕ್ಕಿನಲ್ಲಿ ಮೊದಲ ದಿನ ಗೇರನ್ನು ಕರಕರ ಎನ್ನಿಸುತ್ತದೆ. ಸ್ಟಿಯರಿಂಗ್ ಎಡಕ್ಕೆ, ಗೇರ್ ಲಿವರ್ ಬಲಗೈಗೆ. ಇದು ಬೇಗ ಒಗ್ಗುತ್ತದೆ. ಕಾಡುವುದು ಬಾಕ್ಸಿನ ಒಳಗು. ನಮ್ಮ ಈಗಿನ ಲಾರಿಗಳಲ್ಲಿ ಹಲ್ಲು ಕೂಡುವ ಮೊದಲು ಸಿಂಕ್ರೊ ರಿಂಗು ಎರಡೂ ಕಡೆಯ ವೇಗವನ್ನು ಸಮ ಮಾಡುತ್ತದೆ. ಇಲ್ಲಿನ ಈಟನ್ ಫುಲ್ಲರ್ 10, 13, 18 ಗೇರಿನ ಬಾಕ್ಸುಗಳ ಮುಖ್ಯ ಭಾಗದಲ್ಲಿ ಆ ರಿಂಗೇ ಇಲ್ಲ. ಅದರ ಕೆಲಸ ನಿಮ್ಮ ಬಲಗಾಲಿನದು, ಕಿವಿಯದು.

ಹಾಗಾಗಿ ಹಳೇ ಡ್ರೈವರುಗಳ ಡಬಲ್ ಕ್ಲಚ್ಚೇ ಗತಿ. ಮೇಲಿನ ಗೇರಿಗೆ: ಆಕ್ಸಿಲರೇಟರ್ ಬಿಡಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಎಂಜಿನ್ ಇಳಿಯಲು ಕಾಯಿರಿ, ಮತ್ತೆ ಒತ್ತಿ ಗೇರು ಹಾಕಿ. 10 ಗೇರಿನ ಬಾಕ್ಸಿನಲ್ಲಿ ಒಂದು ಮೆಟ್ಟಿಲಿಗೆ ಸುಮಾರು 400 ಆರ್‌ಪಿಎಂ ವ್ಯತ್ಯಾಸ: 1500ರಲ್ಲಿ ಬಿಟ್ಟರೆ 1100ರ ಹತ್ತಿರ ಲಿವರ್ ಬೆಣ್ಣೆಯಂತೆ ಜಾರುತ್ತದೆ. ಕೆಳಗಿನ ಗೇರಿಗೆ ಇದು ತಿರುವುಮುರುವು: ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ 400ರಷ್ಟು ಏರಿಸಿ, ಆಮೇಲೆ ಹಾಕಿ. ಲಿವರನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು. ಮುಷ್ಟಿ ಕಟ್ಟಿ ತಳ್ಳಬೇಕೆನಿಸಿತೆಂದರೆ ವೇಗ ಹೊಂದಿಲ್ಲ ಎಂದೇ ಅರ್ಥ.

ಕ್ಲಚ್ಚನ್ನು ನೆಲಕ್ಕೆ ಒತ್ತುವ ಅಭ್ಯಾಸವನ್ನು ಮೊದಲು ಬಿಡಬೇಕು. ಪೆಡಲಿನ ಕೊನೆಯ ಒಂದು ಇಂಚಿನಲ್ಲಿ ಕ್ಲಚ್ ಬ್ರೇಕ್ ಇದೆ. ಅದು ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಗಾಡಿಗೆ ಮೊದಲ ಗೇರೋ ರಿವರ್ಸೋ ಹಾಕಲು ಮಾತ್ರ ಅದು ಬೇಕು. ಓಡುವಾಗ ಅಷ್ಟು ಒತ್ತಿದರೆ ಗೇರು ಕೂಡುವುದಿಲ್ಲ, ಕ್ಲಚ್ ಬ್ರೇಕೂ ಹಾಳು. ನಿಂತಾಗಲೂ ಗೇರು ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿದೆ. ಲಿವರನ್ನು ಹಗುರವಾಗಿ ಒತ್ತಿಕೊಂಡೇ ಕ್ಲಚ್ಚನ್ನು ತುಸು ಬಿಡಿ, ಬೀಳುತ್ತದೆ. ಸಮತಟ್ಟಿನಲ್ಲಿ ಹೊರಡಲು ಆಕ್ಸಿಲರೇಟರ್ ಬೇಕಿಲ್ಲ, ಐಡಲ್‌ನಲ್ಲೇ ಗಾಡಿ ಎಳೆಯುತ್ತದೆ.

ಲಿವರ್ ಗುಂಡಿಯ ಮುಂದಿನ ಸ್ವಿಚ್ಚು ರೇಂಜ್‌ನದು. 10 ಗೇರಿನ ಬಾಕ್ಸಿನಲ್ಲಿ ಅದು ಕೆಳಗಿದ್ದರೆ 1ರಿಂದ 5, ಮೇಲಿದ್ದರೆ ಅದೇ ಜಾಗಗಳು 6ರಿಂದ 10. 5ರಿಂದ 6ಕ್ಕೆ ಹೋಗುವವರು 5ರಲ್ಲಿ ಇರುವಾಗಲೇ ಸ್ವಿಚ್ ಎತ್ತಬೇಕು. ಲಿವರ್ ನ್ಯೂಟ್ರಲ್ ದಾಟುವಾಗ ಗಾಳಿಯ ಒತ್ತಡದಿಂದ ರೇಂಜ್ ತಾನೇ ಬದಲಾಗುತ್ತದೆ. ಗಾಡಿ ಓಡುವಾಗ ನ್ಯೂಟ್ರಲ್‌ಗೆ ತಂದು ಸ್ವಿಚ್ ಆಡಿಸುವವರು ರೇಂಜ್ ಸಿಂಕ್ರೊವನ್ನು ತಿನ್ನುತ್ತಾರೆ (ಹೌದು, ಸಿಂಕ್ರೊ ಇರುವುದು ಬಾಕ್ಸಿನ ಹಿಂದಿನ ಈ ರೇಂಜ್ ಭಾಗದಲ್ಲಿ ಮಾತ್ರ). 13, 18ರಲ್ಲಿ ಪಕ್ಕಕ್ಕೆ ಸ್ಪ್ಲಿಟರ್ ಗುಂಡಿಯೂ ಉಂಟು: 13ರಲ್ಲಿ ಮೇಲಿನ ರೇಂಜನ್ನಷ್ಟೇ, 18ರಲ್ಲಿ ಎಲ್ಲವನ್ನೂ ಎರಡಾಗಿ ಸೀಳುತ್ತದೆ. ಈ ಅರ್ಧ ಮೆಟ್ಟಿಲಿಗೆ ಸುಮಾರು 200 ಆರ್‌ಪಿಎಂ ಸಾಕು. ಕೆಲವು ಬಾಕ್ಸುಗಳಲ್ಲಿ ಕೊನೆಯ ಎರಡು ಗೇರುಗಳ ಜಾಗ ಅದಲುಬದಲು, ಅದಕ್ಕೇ ಚಿತ್ರದ ಸ್ಟಿಕರ್ ಓದದೆ ಹೊರಡಬೇಡಿ.

ಗೇರು ತಪ್ಪಿ ನ್ಯೂಟ್ರಲ್‌ನಲ್ಲಿ ತೇಲುತ್ತಿದ್ದರೆ ಗಾಬರಿಯಲ್ಲಿ ಮೊದಲಿನ ಗೇರನ್ನೇ ತಡಕಬೇಡಿ, ಸ್ಪೀಡೋಮೀಟರ್ ನೋಡಿ. 10 ಗೇರಿಗೆ ಇಲ್ಲಿನವರ ಒಂದು ಒರಟು ಲೆಕ್ಕವಿದೆ: ಮೈಲಿ ವೇಗದ ಎರಡು ಅಂಕಿಗಳನ್ನು ಕೂಡಿಸಿ. 25ಕ್ಕೆ 7, 35ಕ್ಕೆ 8, 45ಕ್ಕೆ 9, 55ಕ್ಕೆ 10. ಹಿಂದಿನ ಆಕ್ಸಲ್ ಅನುಪಾತಕ್ಕೆ ತಕ್ಕಂತೆ ತುಸು ಹೆಚ್ಚುಕಮ್ಮಿ.

ಘಾಟಿ ಇಳಿಯುವಾಗ ಮಾತ್ರ ಈ ಲೆಕ್ಕ ಕೈಕೊಡುತ್ತದೆ. 80,000 ಪೌಂಡ್, ಅಂದರೆ 36 ಟನ್ ದಾಟಿದ ಗಾಡಿ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಂದರೆ ಎಂಜಿನ್ ಏರುವುದಕ್ಕಿಂತ ಬೇಗ ಚಕ್ರ ಏರುತ್ತದೆ. ಯಾವ ಗೇರೂ ಕೂಡುವುದಿಲ್ಲ, ಎಂಜಿನ್ ಬ್ರೇಕೂ ಇಲ್ಲ. ಗೇರನ್ನು ಘಾಟಿಯ ತುದಿಯಲ್ಲೇ ಇಳಿಸಿಕೊಂಡಿರಬೇಕು.

ಅನುಭವಿಗಳು ಕ್ಲಚ್ ಮುಟ್ಟದೆ ಗೇರು ತೇಲಿಸುವುದನ್ನು ನೋಡುತ್ತೀರಿ. ಆದರೆ ಸಿಡಿಎಲ್ (ಅಲ್ಲಿನ ಕಮರ್ಷಿಯಲ್ ಡ್ರೈವಿಂಗ್ ಲೈಸೆನ್ಸು) ಪರೀಕ್ಷೆಗೆ ಡಬಲ್ ಕ್ಲಚ್ಚೇ ಕಲಿಯಿರಿ. ಹೊಸ ಟ್ರಕ್ಕುಗಳು ಬಹುಪಾಲು ಆಟೊಮೇಟೆಡ್ ಆಗಿರುವುದರಿಂದ ಅದರಲ್ಲೇ ಪರೀಕ್ಷೆ ಮುಗಿಸುವುದು ಸುಲಭ, ಆದರೆ ಲೈಸೆನ್ಸಿಗೆ ‘ಇ’ ನಿರ್ಬಂಧ ಬೀಳುತ್ತದೆ: ಮ್ಯಾನುಯಲ್ ಕಮರ್ಷಿಯಲ್ ಗಾಡಿ ಓಡಿಸುವಂತಿಲ್ಲ. ಅದನ್ನು ತೆಗೆಸಲು ಮ್ಯಾನುಯಲ್ ಗಾಡಿಯಲ್ಲಿ ಮತ್ತೆ ಪರೀಕ್ಷೆ ಕೊಡಬೇಕು.