ಕವಲು ಬಂದಾಗ ಬ್ರೇಕ್ ಹಿಡಿಯಿರಿ: ಕಾಡಿನಲ್ಲಿ ಸೈಕಲ್ ಓರಿಯೆಂಟಿಯರಿಂಗ್

ಮ್ಯಾಪ್ ನೋಡಿ ಕಾಡಿನಲ್ಲಿ ಗುರುತಿನ ಜಾಗಗಳನ್ನು ಹುಡುಕುವ ಸೈಕಲ್ ಸ್ಪರ್ಧೆ ಅದು. ಐದನೇ ಕಂಟ್ರೋಲ್, ಅಂದರೆ ಐದನೇ ಗುರುತಿನ ಜಾಗ, ಮುಗಿಸಿ ಆರನೆಯದಕ್ಕೆ ಹೊರಟಾಗ ಒಂದು ಚಂದದ ಇಳಿಜಾರು ಸಿಕ್ಕಿತು. ಅಗಲ ದಾರಿ, ಗಟ್ಟಿ ನೆಲ, ಕಲ್ಲು ಕಡಿಮೆ. ಬೆಳಗ್ಗೆಯಿಂದ ಏರು ತುಳಿದು ಸುಸ್ತಾಗಿದ್ದ ಕಾಲಿಗೆ ಇನ್ನೇನು ಬೇಕು? ಬ್ರೇಕ್ ಬಿಟ್ಟೆ. ಮ್ಯಾಪ್ ನೋಡುವುದನ್ನೂ ಬಿಟ್ಟೆ. ಕೆಳಗೆ ಬಂದಾಗ ಒಂದು ಹಳ್ಳ ಅಡ್ಡ ಬಂತು. ನಾನು ಹೋಗಬೇಕಿದ್ದ ದಾರಿಯಲ್ಲಿ ಹಳ್ಳವೇ ಇರಲಿಲ್ಲ.

ನಿಂತು ಮ್ಯಾಪ್ ಮೇಲೆ ನೆಲದ ಎತ್ತರ ತೋರಿಸುವ ಕಂದು ಗೆರೆಗಳನ್ನು ಎಣಿಸಿದೆ. ಹನ್ನೆರಡು. ಒಂದೊಂದು ಗೆರೆಗೆ 5 ಮೀಟರ್, ಅಂದರೆ 60 ಮೀಟರ್ ಎತ್ತರ ಸುಮ್ನೆ ಕಳೆದುಕೊಂಡಿದ್ದೆ. ಅಷ್ಟನ್ನೂ ವಾಪಸ್ ಹತ್ತಬೇಕು. ಆ ಖುಷಿಗೆ ತೆತ್ತಿದ್ದು ಹನ್ನೊಂದು ನಿಮಿಷ. ಮೊದಲ ಸಲ ಈ ಸ್ಪರ್ಧೆಗೆ ಹೊರಟವರಿಗೆ ನಾನು ಹೇಳುವುದರಲ್ಲಿ ಅರ್ಧ ಭಾಗ ಈ ಹನ್ನೊಂದು ನಿಮಿಷದಲ್ಲೇ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಗೆ ಒಂದು ಮ್ಯಾಪ್ ಕೊಡುತ್ತಾರೆ. ಅದರಲ್ಲಿ ಒಂದು ತ್ರಿಕೋನ, ಅಲ್ಲಿಂದ ಶುರು. ಅಂಕಿ ಹಾಕಿದ ವೃತ್ತಗಳು ಕಂಟ್ರೋಲ್‌ಗಳು. ಜೋಡಿ ವೃತ್ತ ಬಂದರೆ ಮುಗಿಯಿತು. ಕಂಟ್ರೋಲ್ ಇರುವಲ್ಲಿ ಕಿತ್ತಳೆ–ಬಿಳಿ ಬಣ್ಣದ ಬಾವುಟ ತೂಗುತ್ತಿರುತ್ತದೆ. ಎಲ್ಲವನ್ನೂ ಅಂಕಿಯ ಕ್ರಮದಲ್ಲೇ ಮುಟ್ಟಬೇಕು. ಯಾವ ದಾರಿಯಲ್ಲಿ ಹೋಗುವುದು ಎಂಬುದು ನಿಮಗೆ ಬಿಟ್ಟಿದ್ದು. ಓಡುತ್ತಾ ಆಡುವ ಓರಿಯೆಂಟಿಯರಿಂಗಿಗೆ ಇದು ತಮ್ಮ ಇದ್ದ ಹಾಗೆ. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2002ರಲ್ಲಿ, ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ.

ಓಡುವವರು ಪೊದೆ ನುಗ್ಗಿ ನೇರ ಹೋಗಬಹುದು. ಸೈಕಲ್‌ನವರಿಗೆ ಹಾಗಲ್ಲ. ಸಾಮಾನ್ಯವಾಗಿ ದಾರಿ ಬಿಟ್ಟು ಕಾಡೊಳಗೆ ಸೈಕಲ್ ಹೊಡೆಯುವಂತಿಲ್ಲ. ಸೈಕಲ್ ಹೊತ್ತುಕೊಂಡು ಅಡ್ಡ ಹಾಯಬಹುದಾ ಎಂಬುದು ಆಯಾ ಸ್ಪರ್ಧೆಯ ನಿಯಮಕ್ಕೆ ಬಿಟ್ಟದ್ದು. ಸಂಘಟಕರು ಕಳಿಸುವ ಸೂಚನಾ ಪತ್ರದಲ್ಲಿ ಇದನ್ನು ಮೊದಲು ಹುಡುಕಿ. ನಾವು ಹೋದ ಕಡೆ ಬಿಡಲಿಲ್ಲ.

ಈಗ ಮ್ಯಾಪಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಓದಿಕೊಳ್ಳದೆ ಹೋಗಿದ್ದು ಇದನ್ನೇ. ಸೈಕಲ್ ಮ್ಯಾಪಿನಲ್ಲಿ ದಾರಿಯ ಗೆರೆ ಎಷ್ಟು ತುಂಡಾಗಿದೆ ಎಂಬುದೇ ಮುಖ್ಯ. ಇಡೀ ಗೆರೆ ಎಂದರೆ ಆರಾಮಾಗಿ ತುಳಿಯಬಹುದು. ಉದ್ದ ತುಂಡುಗಳಾದರೆ ವೇಗ ಇಳಿಯುತ್ತದೆ. ಸಣ್ಣ ತುಂಡುಗಳಾದರೆ ಒದ್ದಾಟ. ಬರೀ ಚುಕ್ಕೆಗಳಾದರೆ ಇಳಿದು ತಳ್ಳುವುದೇ ಗತಿ. ಒಳ್ಳೆ ದಾರಿಯ ವೇಗ ನೂರು ಎಂದುಕೊಂಡರೆ, ಉದ್ದ ತುಂಡಿಗೆ 50ರಿಂದ 75, ಸಣ್ಣ ತುಂಡಿಗೆ 25ರಿಂದ 50, ಚುಕ್ಕೆಗೆ 25ಕ್ಕಿಂತ ಕಡಿಮೆ. ಇನ್ನು ದಪ್ಪ ಗೆರೆ ಅಗಲದ ಬಂಡಿ ಜಾಡು, ತೆಳು ಗೆರೆ ಕಾಲುದಾರಿ.

ಒಂಬತ್ತನೇ ಕಂಟ್ರೋಲಿಗೆ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು 1.2 ಕಿಲೋಮೀಟರ್, ಪೂರ್ತಿ ಸಣ್ಣ ತುಂಡುಗಳು. ಇನ್ನೊಂದು ಬಳಸು ದಾರಿ, 2.2 ಕಿಲೋಮೀಟರ್, ಇಡೀ ಗೆರೆ. ಕಣ್ಣಿಗೆ ಹತ್ತಿರ ಕಂಡಿದ್ದು ಮೊದಲನೆಯದು, ಅಲ್ವಾ? ಅದಕ್ಕೇ ನುಗ್ಗಿದೆ. ಬೇರು, ಕಲ್ಲು, ಹಿಂದಿನ ರಾತ್ರಿಯ ಮಳೆಯ ಕೆಸರು. ಚಕ್ರಕ್ಕೆ ಮಣ್ಣು ಮೆತ್ತಿ ತಿರುಗುವುದೇ ನಿಂತಿತು. ಬಳಸಿ ಹೋದವರು ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿ ಹೊರಟೂ ಹೋಗಿದ್ದರು. ಸಣ್ಣ ತುಂಡಿನ ಒಂದು ಕಿಲೋಮೀಟರ್ ಕಂಡರೆ ಅದನ್ನು ಎರಡೂವರೆ ಎಂದು ಲೆಕ್ಕ ಹಾಕಿಬಿಡಿ. ಮಳೆ ಬಿದ್ದಿದ್ದರೆ ಇನ್ನೂ ಜಾಸ್ತಿ.

ಮ್ಯಾಪನ್ನು ಹ್ಯಾಂಡಲ್ ಮೇಲೆ ಕೂರಿಸಲು ತಿರುಗುವ ಹಲಗೆ ಬೇಕು. ಇದು ಇಲ್ಲದೆ ಹೋಗಬೇಡಿ. ಕತ್ತಿಗೆ ಮ್ಯಾಪ್ ನೇತುಹಾಕಿಕೊಂಡು ಬಂದವರೊಬ್ಬರು ಪ್ರತಿ ತಿರುವಿನಲ್ಲೂ ಇಳಿದು ನಿಲ್ಲುತ್ತಿದ್ದರು, ಪಾಪ. ದಾರಿ ತಿರುಗಿದಂತೆಲ್ಲ ನೀವೂ ಹಲಗೆ ತಿರುಗಿಸಬೇಕು. ನೀವು ಹೋಗುವ ದಿಕ್ಕು ಸದಾ ಮ್ಯಾಪಿನ ಮೇಲ್ಗಡೆ ಇರಬೇಕು. ಆಗ ಮ್ಯಾಪಿನಲ್ಲಿ ಎಡಕ್ಕೆ ಇರುವುದು ನೆಲದ ಮೇಲೂ ಎಡಕ್ಕೇ ಇರುತ್ತದೆ. ಒಂದು ತಿರುವಿನಲ್ಲಿ ಮರೆತರೂ ಮುಂದಿನದು ತಲೆಕೆಳಗಾಗುತ್ತದೆ. ಹಲಗೆಯ ಸ್ಕ್ರೂಗಳನ್ನು ಹಿಂದಿನ ದಿನವೇ ಬಿಗಿ ಮಾಡಿ. ಸ್ಪರ್ಧೆಗೆ ಮೊದಲು ಒಂದು ವಾರವಾದರೂ ಹಲಗೆ ಹಾಕಿಕೊಂಡೇ ಸೈಕಲ್ ಹೊಡೆಯಿರಿ, ಯಾವ ಮ್ಯಾಪ್ ಇಟ್ಟುಕೊಂಡರೂ ಸರಿ. ಕುಲುಕಾಟದಲ್ಲಿ ಸಣ್ಣ ಗೆರೆ ಓದುವುದು ಅಭ್ಯಾಸದ ಮಾತು. ನಲವತ್ತು ದಾಟಿದವರಿಗೆ ಕಣ್ಣಿನ ಮಾತೂ ಹೌದು. ನಾನು ಓದುವ ಕನ್ನಡಕ ಬಿಟ್ಟು ಹೋಗಿದ್ದೆ. ತುಂಡು ಯಾವುದು, ಚುಕ್ಕೆ ಯಾವುದು ಎಂದು ಎಷ್ಟೋ ಕಡೆ ಊಹೆಯ ಮೇಲೇ ನಡೆಯಿತು.

ನಮ್ಮ ಮ್ಯಾಪಿನ ಅಳತೆ 1:15,000. ಒಂದು ಸೆಂಟಿಮೀಟರ್ ಎಂದರೆ ನೆಲದ 150 ಮೀಟರ್. ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗ ಬಂದರೆ ಆ ಒಂದು ಸೆಂಟಿಮೀಟರ್ 18 ಸೆಕೆಂಡಿನಲ್ಲಿ ಮುಗಿಯುತ್ತದೆ. ನನ್ನ ಕವಲು ತಪ್ಪಿದ್ದು ಹೀಗೇ. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಏರಿನಲ್ಲಿ ನಿಧಾನ ಹೋಗುವಾಗಲೇ ಮುಂದಿನ ಎರಡು ಕವಲು ಬಾಯಿಪಾಠ ಮಾಡುವುದು: "ಎಡಗಡೆಯ ಎರಡನೇ ದಾರಿ, ಬಯಲು ದಾಟಿದ ಮೇಲೆ ಬಲಕ್ಕೆ." ಇಳಿಯುವಾಗ ಮ್ಯಾಪ್ ನೋಡುವುದಿಲ್ಲ, ದಾರಿ ನೋಡುವುದು. ಕವಲು ಕಂಡ ತಕ್ಷಣ ಬ್ರೇಕ್. ಗೊತ್ತಿರುವ ಕವಲಾದರೂ ಬ್ರೇಕ್. ಮೂರು ಸೆಕೆಂಡ್ ಹೋಗುತ್ತದೆ, ಹೋಗಲಿ.

ಇಳಿಯುವಾಗ ತಲೆ ಎತ್ತಿರಲು ಇನ್ನೊಂದು ಕಾರಣವಿದೆ. ಅದೇ ದಾರಿಯಲ್ಲಿ ಎದುರಿನಿಂದಲೂ ಸ್ಪರ್ಧಿಗಳು ಬರುತ್ತಿರುತ್ತಾರೆ, ಅವರ ಕಣ್ಣೂ ಮ್ಯಾಪಿನ ಮೇಲೆ. ಒಂದು ತಿರುವಿನಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಹೆಲ್ಮೆಟ್ ಹೇಗೂ ಕಡ್ಡಾಯ. ಬೆರಳು ಪೂರ್ತಿ ಮುಚ್ಚುವ ಕೈಗವಸು ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಕಂಟ್ರೋಲ್ ಮುಟ್ಟಿದ್ದಕ್ಕೆ ಗುರುತು ಒಂದು ಎಲೆಕ್ಟ್ರಾನಿಕ್ ಚಿಪ್. ಕೆಲವು ಕಡೆ ಹತ್ತಿರ ಹಾದರೆ ಸಾಕು, ಬೀಪ್ ಎನ್ನುತ್ತದೆ. ಕೆಲವು ಕಡೆ ನಿಂತು ಪೆಟ್ಟಿಗೆಯ ತೂತಿಗೆ ತೂರಿಸಬೇಕು. ಎರಡನೆಯದಾದರೆ ಚಿಪ್ಪನ್ನು ಎಲಾಸ್ಟಿಕ್ ದಾರದಲ್ಲಿ ಹ್ಯಾಂಡಲಿಗೆ ಕಟ್ಟಿ. ದಾರ ಚಕ್ರಕ್ಕೆ ಸಿಗದಷ್ಟು ಗಿಡ್ಡ ಇರಲಿ. ಶುರುವಿಗೆ ಮುಂಚೆ ಚಿಪ್ಪಿನ ಹಳೆಯ ಲೆಕ್ಕ ಅಳಿಸುವ ಪೆಟ್ಟಿಗೆ ಒಂದಿರುತ್ತದೆ, ಸರಿಯಾಗಿದೆಯೇ ಎಂದು ನೋಡುವ ಪೆಟ್ಟಿಗೆ ಇನ್ನೊಂದು. ಎರಡನ್ನೂ ಮುಟ್ಟದೆ ಮುಂದೆ ಹೋಗಬೇಡಿ. ವೃತ್ತದ ಪಕ್ಕದಲ್ಲಿ ಕೋಡ್ ಬರೆದಿರುತ್ತಾರೆ, ಅದೇ ಕೋಡ್ ಬಾವುಟದ ಜಾಗದಲ್ಲೂ ಇರುತ್ತದೆ. ಓದಿ ಹೋಲಿಸಿ. ನನ್ನ ಜೊತೆ ಬಂದ ಗೆಳೆಯ 36ರ ಬದಲು 63ನ್ನು ಮುಟ್ಟಿ, ಎಲ್ಲರಿಗಿಂತ ಖುಷಿಯಿಂದ ಮುಗಿಸಿ, ಫಲಿತಾಂಶದ ಪಟ್ಟಿಯಿಂದಲೇ ಹೊರಬಿದ್ದ. ಬೇರೆ ವಿಭಾಗದವರ ಕಂಟ್ರೋಲ್‌ಗಳೂ ಅದೇ ಕಾಡಿನಲ್ಲಿರುತ್ತವೆ, ನೆನಪಿರಲಿ.

ರಿಪೇರಿ ನಿಮ್ಮದೇ. ಒಂದು ಟ್ಯೂಬ್, ಪಂಪ್, ಟೈರ್ ಬಿಡಿಸುವ ಲಿವರ್, ಚೈನ್ ಜೋಡಿಸುವ ಕೊಂಡಿ, ಸಣ್ಣ ಟೂಲ್. ಇಷ್ಟು ಸಾಕು. ಪೂರ್ತಿ ಪೆಟ್ಟಿಗೆ ಹೊತ್ತುಕೊಂಡರೆ ಏರಿನಲ್ಲಿ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನೀರು ಬೆನ್ನಿನ ಚೀಲದಲ್ಲಿ, ನಳಿಕೆ ಬಾಯಿಯ ಹತ್ತಿರ ಇದ್ದರೆ ಅನುಕೂಲ. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಮ್ಯಾಪ್ ಹಲಗೆಗೆ ಬೇಕು. ಬಾಟಲಿಗೆ ಮೂರನೇ ಕೈ ಎಲ್ಲಿಂದ ತರೋಣ?

ದೂರ ನೋಡಿ ಮೋಸ ಹೋಗಬೇಡಿ. ನಮ್ಮ ವಿಭಾಗಕ್ಕೆ 16 ಕಿಲೋಮೀಟರ್ ಎಂದು ಬರೆದಿತ್ತು. ಅದು ಕಂಟ್ರೋಲಿನಿಂದ ಕಂಟ್ರೋಲಿಗೆ ನೇರ ಗೆರೆ ಎಳೆದ ಲೆಕ್ಕ. ನಾನು ತುಳಿದದ್ದು 27. ತಪ್ಪಿದ್ದೂ ಸೇರಿ ಎನ್ನಿ.

ದಾರಿ ತಪ್ಪಿದೆ ಅನ್ನಿಸಿದರೆ ಮುಂದೆ ತುಳಿಯಬೇಡಿ. "ಇನ್ನು ಸ್ವಲ್ಪ ಹೋದರೆ ಸಿಗಬಹುದು" ಎಂಬ ಆಸೆ ಬಹಳ ಕೆಟ್ಟದ್ದು. ಖಚಿತವಾಗಿ ಗೊತ್ತಿದ್ದ ಕೊನೆಯ ಕವಲಿಗೆ ವಾಪಸ್ ಹೋಗಿ. ಮುಂದೆ ಇರುವವರ ಹಿಂದೆ ಹೋಗುವುದೂ ಬೇಡ. ಅವರ ಕಂಟ್ರೋಲ್ ಬೇರೆ ಇರಬಹುದು, ಅಥವಾ ಅವರೂ ನಿಮ್ಮಂತೆ ಹುಡುಕುತ್ತಿರಬಹುದು. ನಾನು ಒಬ್ಬರ ಹಿಂದೆ ಅರ್ಧ ಕಿಲೋಮೀಟರ್ ಹೋದ ಮೇಲೆ ಅವರು ತಿರುಗಿ, "ನಾವೀಗ ಎಲ್ಲಿದ್ದೀವಿ?" ಎಂದು ಕೇಳಿದರು.

ಸಾಕಾಗಿ ಅರ್ಧಕ್ಕೆ ಬಿಟ್ಟರೂ ಸರಿ, ಮುಕ್ತಾಯದ ಜಾಗಕ್ಕೆ ಬಂದು ಚಿಪ್ ಓದಿಸಿಯೇ ಹೋಗಬೇಕು. ಇಲ್ಲದಿದ್ದರೆ ನೀವಿನ್ನೂ ಕಾಡಿನಲ್ಲಿದ್ದೀರಿ ಎಂದು ತಿಳಿದು ಸಂಘಟಕರು ಹುಡುಕಲು ಹೊರಡುತ್ತಾರೆ.

ಚಿಪ್ ಓದಿಸಿದಾಗ ಒಂದು ಉದ್ದ ಚೀಟಿ ಕೊಡುತ್ತಾರೆ. ಯಾವ ಕಂಟ್ರೋಲಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅದರಲ್ಲಿರುತ್ತದೆ. ಸಂಜೆ ಎಲ್ಲರೂ ಮ್ಯಾಪ್ ಹರಡಿಕೊಂಡು ಕೂತು ಅದನ್ನು ಹೋಲಿಸುತ್ತಾರೆ. ಸುಸ್ತೆಂದು ಮಲಗಿಬಿಡಬೇಡಿ, ಅಲ್ಲಿ ಹೋಗಿ ಕೂರಿ. ನಮ್ಮ ವಿಭಾಗದಲ್ಲಿ ಗೆದ್ದ ಅರವತ್ತರ ಹೆಂಗಸೊಬ್ಬರು ನನ್ನ ಪಕ್ಕ ಇದ್ದರು. ಐದರಿಂದ ಆರಕ್ಕೆ ನನಗೆ 19 ನಿಮಿಷ, ಅವರಿಗೆ 7. "ಆ ಇಳಿಜಾರಿನಲ್ಲಿ ಏನು ಮಾಡಿದಿರಿ?" ಎಂದೆ. ಅವರು ಪೆನ್ನಿನ ತುದಿಯಿಂದ ಅರ್ಧ ದಾರಿಯಲ್ಲಿ ಎಡಕ್ಕೆ ಒಡೆಯುವ ತೆಳು ಗೆರೆಯೊಂದನ್ನು ತೋರಿಸಿ, "ಇಲ್ಲಿ ನಿಂತೆ," ಎಂದರು.