ನೂರಕ್ಕೆ ಒಂದು ಪಾಲು

ಕೋಲಾರದ ಬದನೆ ತೋಟದಲ್ಲಿ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಪರೀಕ್ಷಿಸುತ್ತಿದ್ದಾಗ ಬೆಳಗ್ಗೆ ನಾನು ಮೊದಲು ಇಣುಕುತ್ತಿದ್ದದ್ದು ವಾಸನೆಯನ್ನೇ ಹಾಕದ ಬಲೆಯೊಳಕ್ಕೆ. ಅದು ಖಾಲಿಯಿದ್ದರೆ ಮಾತ್ರ ಉಳಿದವುಗಳ ಎಣಿಕೆಗೆ ಬೆಲೆ.

ನಮ್ಮ ಗುರಿ ಬದನೆಯ ಕುಡಿ ಮತ್ತು ಕಾಯಿಯನ್ನು ಕೊರೆಯುವ ಪತಂಗ, ಕುಡಿ ಮತ್ತು ಕಾಯಿ ಕೊರಕ. ಮರಿಹುಳು ಕಾಯಿಯೊಳಗೆ ಹೊಕ್ಕಿತೆಂದರೆ ಸಿಂಪಡಿಸಿದ ಔಷಧಿ ಅದಕ್ಕೆ ತಾಗುವುದೇ ಕಷ್ಟ; ಆದರೂ ರೈತರು ಮತ್ತೆ ಮತ್ತೆ ಸಿಂಪಡಿಸುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಹೆಣ್ಣು ಪತಂಗ ಗಂಡನ್ನು ಕರೆಯಲು ಸೂಸುವ ವಾಸನೆಯಲ್ಲಿ ಮುಖ್ಯವಾದದ್ದು ಇ-11-ಹೆಕ್ಸಾಡೆಸೆನೈಲ್ ಅಸಿಟೇಟ್ ಎಂಬ ರಾಸಾಯನಿಕ. ಕೆಲವು ಬಲೆಗಳ ರಬ್ಬರ್ ಬಿರಡೆಗೆ ಅದನ್ನಷ್ಟೇ ಹಾಕಿದ್ದೆವು. ಇನ್ನು ಕೆಲವಕ್ಕೆ ಅದರ ನೂರು ಪಾಲಿಗೆ ಒಂದು ಪಾಲು ಅದೇ ಇಂಗಾಲದ ಸರಪಳಿಯ ಆಲ್ಕೋಹಾಲ್ ಬೆರೆಸಿದ್ದೆವು. ಬೆರಕೆಯ ಬಲೆಗೇ ಹೆಚ್ಚು ಗಂಡುಗಳು ಬಿದ್ದವು. ಕತ್ತಲಲ್ಲಿ, ಗಾಳಿಯಲ್ಲಿ, ನೂರರಲ್ಲಿ ಒಂದು ಪಾಲಿನ ವ್ಯತ್ಯಾಸವನ್ನು ಆ ಪುಟ್ಟ ಮೀಸೆಗಳು ಗುರುತಿಸುತ್ತವೆ! 1959ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಬ್ಯೂಟೆನಾಂಟ್ ಅವರ ತಂಡ ಇಂಥ ಮೊದಲ ವಾಸನೆಯನ್ನು ಗುರುತಿಸಲು ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳನ್ನು ಬಳಸಬೇಕಾಗಿತ್ತು. ನಮ್ಮ ಬಿರಡೆಗಳಲ್ಲಿ ಇದ್ದದ್ದು ಕೆಲವೇ ಮಿಲಿಗ್ರಾಂ.

ಹೀಗಾಗಿ ಒಂದು ಬಿರಡೆ ಮುಟ್ಟಿದ ಕೈಯಿಂದ ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ಪ್ರತಿ ಬೆರಕೆಗೂ ಬೇರೆ ಕೈಗವಸು. ಬಲೆಗಳ ಜಾಗವನ್ನೂ ಅದಲುಬದಲು ಮಾಡುತ್ತಿದ್ದೆವು. ಸೌದೆಗೆಂದು ಒಣ ಬದನೆ ಗಿಡ ಒಟ್ಟಿದ್ದ ಬದುವಿನ ಹತ್ತಿರ ಯಾವ ಬಲೆ ಕಟ್ಟಿದರೂ ಹೆಚ್ಚು ಬೀಳುತ್ತಿತ್ತು. ಆ ರಾಶಿಯಲ್ಲಿ ಮರಿಹುಳುಗಳು ಕಟ್ಟಿದ್ದ ಕೋಶಗಳಿಂದಲೇ ಪತಂಗಗಳು ಹೊರಬರುತ್ತಿದ್ದವು.

ತೋಟದ ಅಜ್ಜಿ ಅಂಟುಹಾಳೆಯನ್ನು ದಿಟ್ಟಿಸಿ ಕೇಳಿದರು: “ಬರೀ ಗಂಡು ಹಿಡಿದರೆ ಏನು ಬಂತಮ್ಮ? ಮೊಟ್ಟೆ ಇಡುವುದು ಹೆಣ್ಣಲ್ಲವೇ?”

ಕೇಳಬೇಕಾದ ಪ್ರಶ್ನೆಯೇ ಅದು. “ಗಂಡನ್ನು ಕೂಡದ ಹೆಣ್ಣಿನ ಮೊಟ್ಟೆ ಒಡೆದು ಮರಿಯಾಗುವುದಿಲ್ಲ ಅಜ್ಜಿ,” ಎಂದೆ. “ಆದರೆ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಪಕ್ಕದ ತೋಟದಲ್ಲೇ ಕೂಡಿದ ಹೆಣ್ಣು ಇಲ್ಲಿಗೆ ಹಾರಿ ಬಂದರೆ ಬಲೆ ಏನೂ ಮಾಡಲಾರದು. ಸುತ್ತಲಿನವರೆಲ್ಲ ಕಟ್ಟಬೇಕು, ಹುಳು ಹೊಕ್ಕು ಬಾಡಿದ ಕುಡಿಗಳನ್ನು ಕಿತ್ತು ನಾಶಮಾಡಬೇಕು, ಆ ರಾಶಿಯೂ ಹೋಗಬೇಕು.”

“ರಾಶಿ ಹೋದರೆ ಒಲೆಗೆ ಏನು ಹಾಕಲಿ?” ಎಂದರು.

ಕೊನೆಗೆ ರಾಶಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿದೆವು. ಅಜ್ಜಿಯ ಮೊಮ್ಮಗ ಪಕ್ಕದ ತೋಟದವರನ್ನೂ ಮಾತನಾಡಿಸಿ ಬಂದ. ನಾನು ಹೊಸ ಬಿರಡೆಗಳನ್ನು ಹಳೆಯವುಗಳ ಜೊತೆಗೆ ಸಾಲು ಬಿಟ್ಟು ಸಾಲಿಗೆ ಕಟ್ಟಿದೆ. ಬಿಸಿಲಿನಲ್ಲಿ ವಾಸನೆ ಎಷ್ಟು ವಾರ ಉಳಿಯುತ್ತದೆಂದು ರೈತರಿಗೆ ಹೇಳುವ ಮುಂಚೆ ಅದನ್ನೂ ಅಲ್ಲಿಯೇ ಅಳೆಯಬೇಕಿತ್ತು.