0, 1, 3: ಮಗುಚಿದ ಮೇಲೆ ಕೂತ ಪಟ್ಟಿ

ಸಂಖ್ಯಾರೇಖೆಯನ್ನು ಒಂದೇ ಆಕಾರದ ಪಟ್ಟಿಗಳಿಂದ, ಸಂದಿ ಉಳಿಯದಂತೆ, ಒಂದರ ಮೇಲೊಂದು ಬೀಳದಂತೆ ಮುಚ್ಚುವ ನನ್ನ ಕೆಲಸಕ್ಕೆ ಈಗ ಮೂರನೆಯ ವಾರ. ಪ್ರತಿ ಪಟ್ಟಿಯಲ್ಲೂ ಬಣ್ಣ ಹಚ್ಚಿದ ಮನೆಗಳು ಮೂರು. ಲೆಕ್ಕಕ್ಕೆ ಬರುವುದು ಅವು ಮಾತ್ರ, ನಡುವಿನ ಬಣ್ಣವಿಲ್ಲದ ಮನೆಗಳು ಖಾಲಿಯೇ. ಮೊದಲನೆಯದು 0ಯಲ್ಲಿ, ಕೊನೆಯದು 5ರೊಳಗೆ. ಲೆಕ್ಕ ಹಾಕಿದರೆ ಒಟ್ಟು 10 ಆಕಾರಗಳು.

ಮೊದಲ ವಾರ ಪಟ್ಟಿಗಳನ್ನು ಸರಿಸಿದೆ, ತಿರುಗಿಸಲಿಲ್ಲ. 4 ಮಾತ್ರ ಕೂತವು. ಅವುಗಳಲ್ಲಿ 0, 1, 5 ನನಗೆ ಬಹಳ ಹಿಡಿಸಿತು. ನಡುವೆ ಅಷ್ಟು ದೊಡ್ಡ ಬಿರುಕಿದ್ದರೂ 3ರಿಂದ ಭಾಗಿಸಿದಾಗ ಸಿಗುವ ಶೇಷಗಳು 0, 1, 2. ಮೂರೂ ಬೇರೆ ಬೇರೆ. ಹಾಗಾಗಿ ಮೂರು ಮನೆಗೊಂದು ಪಟ್ಟಿ ಇಡುತ್ತಾ ಹೋದರೆ ಸಾಕು. ಬಣ್ಣದ ಮನೆಗಳ ಎಣಿಕೆ ಒಂದೇ ಅವಿಭಾಜ್ಯ ಸಂಖ್ಯೆಯ ಘಾತವಾಗಿದ್ದರೆ (3, 4, 9ರ ಹಾಗೆ) ಇಂಥ ಪಟ್ಟಿ ಕೂರುತ್ತದೆಯೇ ಎಂದು ತಿಳಿಯುವ ಪರೀಕ್ಷೆಯನ್ನು ಗಣಿತಜ್ಞ ಡೊನಾಲ್ಡ್ ನ್ಯೂಮನ್ 1977ರಲ್ಲೇ ಕೊಟ್ಟಿದ್ದಾರೆ.

0, 1, 3 ಮಾತ್ರ ಎರಡು ಸಂಜೆ ಕಾಡಿತು. ತೊಡಕೆಲ್ಲ 2ನೆಯ ಮನೆಯದು. ಹೊಸ ಪಟ್ಟಿಯ ಮೊದಲ ಮನೆಯಿಂದ ಅದನ್ನು ತುಂಬಿದರೆ 3ರಲ್ಲಿ ಡಿಕ್ಕಿ, ನಡುವಿನದರಿಂದ ತುಂಬಿದರೆ 1ರಲ್ಲಿ, ಕೊನೆಯದರಿಂದ ತುಂಬಿದರೆ 0ಯಲ್ಲಿ. ಬೇರೆ ದಾರಿಯೇ ಇಲ್ಲ.

ಅಲ್ಲಿಯವರೆಗೆ ಒಂದೇ ಬದಿಗೆ ಬಣ್ಣ ಹಚ್ಚಿದ ರಟ್ಟು ಬಳಸುತ್ತಿದ್ದೆ. ರಟ್ಟು ಮುಗಿದದ್ದರಿಂದ ಹಳೆಯ ಫೈಲಿನ ಪಾರದರ್ಶಕ ಹೊದಿಕೆಯನ್ನು ಕತ್ತರಿಸಿಕೊಂಡೆ. ಮೊನ್ನೆ ಗ್ರಾಫ್ ಹಾಳೆಯ ಮೇಲೆ ಒಂದು ಪಟ್ಟಿ ಮಗುಚಿ ಬಿತ್ತು. ಮಗುಚಿದರೆ ಅದು 0, 2, 3. ಅದನ್ನೇ 2ರಿಂದ ಇಟ್ಟೆ: 2, 4, 5. ಮೊದಲಿನ 0, 1, 3ರ ಜೊತೆ ಸೇರಿ 0ಯಿಂದ 5ರವರೆಗೆ ಆರೂ ಮನೆ ಭರ್ತಿ! ಆ ಆರನ್ನೇ ಎರಡೂ ಕಡೆಗೆ ಮತ್ತೆ ಮತ್ತೆ ಇಟ್ಟರೆ ಇಡೀ ರೇಖೆ ಮುಚ್ಚುತ್ತದೆ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ.

ಈಗ ನಿಯಮ ಇಷ್ಟೇ: ಎಡದಿಂದ ಮೊದಲು ಸಿಗುವ ಖಾಲಿ ಮನೆಯಲ್ಲಿ ಪಟ್ಟಿ ಇಡು, ತಾಗಿದರೆ ಮಗುಚಿ ಇಡು. ಸೋತ 6 ಆಕಾರಗಳು ಒಂದಕ್ಕೊಂದು ಕನ್ನಡಿಯಾದ ಮೂರು ಜೋಡಿಗಳು, ಮೂರೂ ಗೆದ್ದವು. 0, 1, 3ಕ್ಕೆ 6 ಮನೆಯ ಕಂತೆ, 0, 1, 4ಕ್ಕೆ 12, 0, 2, 5ಕ್ಕೆ 18.

ಮುಂದಿನದು 24 ಇರಬೇಕು ಎಂದುಕೊಂಡು ನಿನ್ನೆ ರಾತ್ರಿ 0, 1, 6 ಕತ್ತರಿಸಿದೆ. ಮೂರು ನೇರ, ಮೂರು ಮಗುಚಿದವು. ಅದೂ 18ಕ್ಕೇ ಮುಗಿಯಿತು. ಈ ಭಾನುವಾರ 7ರವರೆಗಿನ ಎಲ್ಲ ಆಕಾರಗಳನ್ನೂ ಕತ್ತರಿಸಿ ಕಂತೆಯ ಉದ್ದಗಳನ್ನು ಬರೆದಿಡುತ್ತೇನೆ.